ಅರಿಶಿನ ಆರೋಗ್ಯಕ್ಕೆ ಎಷ್ಟು ಒಳ್ಳೇದು? ಚಿಟಿಕೆ ಪುಡಿ ಬೇರೆ, ಕ್ಯಾಪ್ಸೂಲ್ ಬೇರೆ

ಇತ್ತೀಚೆಗೆ ಅರಿಶಿನದ ಬಗ್ಗೆ ಎರಡು ಥರದ ಮೆಸೇಜ್ ಓಡಾಡ್ತಿವೆ. ಒಂದರಲ್ಲಿ ಕ್ಯಾನ್ಸರ್, ಶುಗರ್, ಮಂಡಿನೋವು, ಮರೆವು ಎಲ್ಲದಕ್ಕೂ ಅರಿಶಿನವೇ ರಾಮಬಾಣ ಅಂತ ಇರುತ್ತೆ, ಇನ್ನೊಂದರಲ್ಲಿ ಅರಿಶಿನ ತಿಂದು ಲಿವರ್ ಕೆಟ್ಟು ಜನ ಆಸ್ಪತ್ರೆ ಸೇರಿದ್ದಾರೆ ಅಂತ. ಎರಡನ್ನೂ ಓದಿದವರಿಗೆ ತಲೆ ಕೆಡೋದು ಸಹಜ, ದಿನಾ ಅಡುಗೆಗೆ ಹಾಕೋ ಪುಡಿನ ಇನ್ಮೇಲೆ ಜಾಸ್ತಿ ಮಾಡಬೇಕಾ ಅಥವಾ ಬಿಟ್ಟೇ ಬಿಡಬೇಕಾ ಅನ್ನೋದೇ ಗೊತ್ತಾಗಲ್ಲ.

ವಿಷಯ ಏನಂದ್ರೆ, ಈ ಎರಡೂ ಮಾತು ಹುಟ್ಟಿರೋದು ಅಡುಗೆಮನೆ ಡಬ್ಬಿಯಿಂದಲ್ಲ, ಸಪ್ಲಿಮೆಂಟ್ ಬಾಟಲಿಯಿಂದ. ಒಳ್ಳೇ ಫಲಿತಾಂಶ ಬಂದ ಪ್ರಯೋಗಗಳಲ್ಲಿ ಹೆಚ್ಚಿನವು ಕ್ಯಾಪ್ಸೂಲ್ ಕೊಟ್ಟು ಮಾಡಿದ್ದು, ಲಿವರ್ ಕೆಟ್ಟವರಲ್ಲಿ ಹೆಚ್ಚಿನವರೂ ಕ್ಯಾಪ್ಸೂಲ್ ನುಂಗಿದವರೇ. ಕ್ಯಾಪ್ಸೂಲಿನ ಹೊಗಳಿಕೆನ ತಂದು ಪುಡಿಗೆ ಅಂಟಿಸಿದ್ರೂ ತಪ್ಪಾಗುತ್ತೆ, ಕ್ಯಾಪ್ಸೂಲಿನ ಭಯನ ತಂದು ಪುಡಿಗೆ ಅಂಟಿಸಿದ್ರೂ ತಪ್ಪಾಗುತ್ತೆ. ಯಾಕೆ ಅನ್ನೋದನ್ನ ಬುಡದಿಂದ ನೋಡೋಣ.

ಅರಿಶಿನದೊಳಗೆ ಏನಿದೆ

ಶುಂಠಿ, ಏಲಕ್ಕಿ ಇರೋ ಕುಟುಂಬಕ್ಕೇ ಸೇರಿದ ಗಿಡ ಇದು, ಸಸ್ಯಶಾಸ್ತ್ರದಲ್ಲಿ ಕರ್ಕ್ಯುಮಾ ಲಾಂಗಾ ಅಂತಾರೆ. ನಾವು ಬಳಸೋದು ಮಣ್ಣಿನೊಳಗೆ ಬೆಳೆಯೋ ಅದರ ಕಾಂಡವನ್ನ, ಅದನ್ನೇ ಬೇಯಿಸಿ ಒಣಗಿಸಿ ಪುಡಿ ಮಾಡ್ತಾರೆ. ಪುಡಿಯಲ್ಲಿ ಬಹುಪಾಲು ಪಿಷ್ಟ, ಜೊತೆಗೆ ಸ್ವಲ್ಪ ನಾರು, ಘಮ ಕೊಡೋ ಎಣ್ಣೆ ಅಂಶ, ಆಮೇಲೆ ಹಳದಿ ಬಣ್ಣ ಕೊಡೋ ಮೂರು ವಸ್ತುಗಳ ಒಂದು ಗುಂಪು. ಆ ಗುಂಪಿಗೆ ಕರ್ಕ್ಯುಮಿನಾಯ್ಡ್ ಅಂತ ಹೆಸರು, ಅದರಲ್ಲಿ ಮುಖ್ಯವಾದದ್ದು ಕರ್ಕ್ಯುಮಿನ್. ವೋಗೆಲ್ ಮತ್ತು ಪೆಲೆಟಿಯೆ ಅನ್ನೋ ಇಬ್ಬರು 1815ರಲ್ಲೇ ಇದನ್ನ ಅರಿಶಿನದಿಂದ ಬೇರೆ ಮಾಡಿದ್ರು, ಆದ್ರೆ ಅದರ ರಾಸಾಯನಿಕ ರಚನೆ ಏನು ಅಂತ ತಿಳಿಯೋಕೆ 1910ರವರೆಗೆ ಕಾಯಬೇಕಾಯ್ತು. ಇವತ್ತು ಅರಿಶಿನದ ಗುಣ ಅಂತ ಏನೇನು ಹೇಳ್ತಾರೋ ಅದರಲ್ಲಿ ಮುಕ್ಕಾಲು ಪಾಲು ಈ ಕರ್ಕ್ಯುಮಿನ್ ಬಗ್ಗೆನೇ.

ಕರ್ಕ್ಯುಮಿನ್ ಎಂಥಾ ವಸ್ತು ಅನ್ನೋದಕ್ಕೆ ಲ್ಯಾಬ್ ಬೇಕಿಲ್ಲ, ಬಿಳಿ ಬಟ್ಟೆ ಮೇಲೆ ಅರಿಶಿನದ ಕಲೆ ಬಿದ್ದಾಗ ಗಮನಿಸಿದ್ರೆ ಸಾಕು. ಬರೀ ನೀರಲ್ಲಿ ಎಷ್ಟು ಉಜ್ಜಿದ್ರೂ ಅದು ಹೋಗಲ್ಲ, ಸೋಪು ತಾಗಿದ ಕೂಡಲೇ ಹಳದಿ ಹೋಗಿ ಕೆಂಪಾಗುತ್ತೆ, ತೊಳೆದು ಬಿಸಿಲಿಗೆ ಹಾಕಿದ್ರೆ ಕ್ರಮೇಣ ತಾನಾಗೇ ಮಾಸುತ್ತೆ. ನೀರಲ್ಲಿ ಕರಗಲ್ಲ, ಕ್ಷಾರ ಸೇರಿದ್ರೆ ಬದಲಾಗುತ್ತೆ, ಬೆಳಕಿಗೆ ಒಡೆದುಹೋಗುತ್ತೆ ಅನ್ನೋ ಮೂರು ಗುಣ ಈ ಒಂದು ಕಲೆಯಲ್ಲೇ ಕಾಣುತ್ತೆ. ಹೀಗೆ ನೀರಲ್ಲಿ ಕರಗದ, ಬೇಗ ಒಡೆಯೋ ವಸ್ತು ನಮ್ಮ ದೇಹದೊಳಗೆ ಹೋಗಿ ಕೆಲಸ ಮಾಡೋದು ಸುಲಭ ಅಲ್ಲ, ಮುಂದೆ ಬರೋ ಕಥೆಗೆಲ್ಲಾ ಇದೇ ಮೂಲ.

ಚಮಚದ ಲೆಕ್ಕ

ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ತೂಕದ ಸುಮಾರು 3%, ತಳಿ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಒಂದು ಟೀ ಚಮಚ ಪುಡಿ ಅಂದ್ರೆ ಸುಮಾರು 3 ಗ್ರಾಂ, ಅಂದ್ರೆ ಕರ್ಕ್ಯುಮಿನ್ 90 ಮಿಲಿಗ್ರಾಂ ಆಸುಪಾಸು. ಚಿಟಿಕೆ ಲೆಕ್ಕ ಹಾಕಿದ್ರೆ ಹತ್ತು ಮಿಲಿಗ್ರಾಂ ಸಿಗೋದೂ ಕಷ್ಟ.

ಈಗ ಪ್ರಯೋಗಗಳಲ್ಲಿ ಕೊಡೋ ಪ್ರಮಾಣ ನೋಡಿ, ಸಾಮಾನ್ಯವಾಗಿ ದಿನಕ್ಕೆ 1 ರಿಂದ 2 ಗ್ರಾಂ. 2 ಗ್ರಾಂ ಕರ್ಕ್ಯುಮಿನ್ ಪುಡಿಯಿಂದಲೇ ಬರಬೇಕು ಅಂದ್ರೆ ದಿನಕ್ಕೆ 65 ಗ್ರಾಂ ಪುಡಿ ಬೇಕು, ಅಂದ್ರೆ ಇಪ್ಪತ್ತಕ್ಕಿಂತ ಜಾಸ್ತಿ ಚಮಚ, ಅಷ್ಟನ್ನ ಯಾರೂ ತಿನ್ನೋಕಾಗಲ್ಲ, ತಿನ್ನಲೂಬಾರದು. ಆದ್ದರಿಂದ "ಅರಿಶಿನದಿಂದ ಮಂಡಿನೋವು ಕಮ್ಮಿ ಆಯ್ತು ಅಂತ ಸ್ಟಡಿ ಹೇಳುತ್ತೆ" ಅನ್ನೋ ಸುದ್ದಿ ಓದಿ ಅಡುಗೆಗೆ ಅರ್ಧ ಚಮಚ ಜಾಸ್ತಿ ಹಾಕಿದ್ರೆ ಅದೇ ಫಲ ಸಿಗುತ್ತೆ ಅನ್ನೋದಕ್ಕೆ ಯಾವ ಆಧಾರನೂ ಇಲ್ಲ.

ಹೊಟ್ಟೆಗೆ ಹೋದ್ಮೇಲೆ ಎಲ್ಲಿ ಹೋಗುತ್ತೆ

ತಿಂದದ್ದೆಲ್ಲಾ ರಕ್ತಕ್ಕೆ ಸೇರಲ್ಲ. ತಿಂದ ವಸ್ತುವಿನಲ್ಲಿ ಎಷ್ಟು ಪಾಲು ರಕ್ತಕ್ಕೆ ಸೇರಿ ದೇಹಕ್ಕೆ ಸಿಗುತ್ತೆ ಅನ್ನೋದಕ್ಕೆ ಬಯೋಅವೈಲಬಿಲಿಟಿ ಅಂತಾರೆ, ಕರ್ಕ್ಯುಮಿನ್ ವಿಷಯದಲ್ಲಿ ಇದು ತೀರಾ ಕಮ್ಮಿ. ಮೊದಲನೇದಾಗಿ ನೀರಲ್ಲಿ ಕರಗದ ಕಾರಣ ಕರುಳು ಅದನ್ನ ಹೆಚ್ಚು ಹೀರ್ಕೊಳ್ಳಲ್ಲ. ಹೀರ್ಕೊಂಡ ಸ್ವಲ್ಪಕ್ಕೂ ಕರುಳಿನ ಗೋಡೆ ಮತ್ತು ಲಿವರ್ ಸೇರಿ ಬೇರೆ ಒಂದು ಅಣುವನ್ನ ಅಂಟಿಸಿ ಹೊರಗೆ ಕಳಿಸೋ ಥರ ಮಾಡಿಬಿಡ್ತವೆ, ಅದು ಮೂತ್ರ, ಪಿತ್ತರಸದ ದಾರಿಯಲ್ಲಿ ಹೊರಟುಹೋಗುತ್ತೆ. ತಳ ತೂತಾದ ಕೊಡಕ್ಕೆ ನೀರು ತುಂಬಿಸಿದ ಹಾಗೆ, ಎಷ್ಟು ಸುರಿದ್ರೂ ನಿಲ್ಲೋದು ಒಂದಿಷ್ಟೇ. ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟ ಪ್ರಯೋಗದಲ್ಲೂ ರಕ್ತದಲ್ಲಿ ಸಿಕ್ಕಿದ್ದು ನ್ಯಾನೊಗ್ರಾಂ ಲೆಕ್ಕದಲ್ಲಿ, ನ್ಯಾನೊಗ್ರಾಂ ಅಂದ್ರೆ ಒಂದು ಗ್ರಾಂನ ನೂರು ಕೋಟಿ ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗ.

ಕಾಳುಮೆಣಸಿನ ಮಾತು ಬರೋದು ಇಲ್ಲೇ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನಲ್ಲಿರೋ ಪೈಪರಿನ್ ಅನ್ನೋ ಅಂಶನ 20 ಮಿಲಿಗ್ರಾಂ ಕೊಟ್ಟಾಗ ಆರೋಗ್ಯವಂತರಲ್ಲಿ ಬಯೋಅವೈಲಬಿಲಿಟಿ 2000% ಜಾಸ್ತಿ ಆಯ್ತು. ಇವತ್ತು ಎಲ್ಲಾ ಕಡೆ ಓಡಾಡೋ 2000% ಅನ್ನೋ ಅಂಕಿ ಇದೇ. ಪೈಪರಿನ್ ಮಾಡೋದು ಇಷ್ಟೇ, ಕರ್ಕ್ಯುಮಿನ್‌ನ ಹೊರಗೆ ಕಳಿಸೋ ಕೆಲಸನ ಸ್ವಲ್ಪ ಹೊತ್ತು ತಡೆಯುತ್ತೆ, ಕೊಡದ ತೂತಿಗೆ ಬೆರಳಿಟ್ಟ ಹಾಗೆ. ಆದ್ರೆ ಎರಡು ವಿಷಯ ಮರೀಬಾರದು. ಇಲ್ಲವೇ ಇಲ್ಲ ಅನ್ನುವಷ್ಟು ಇದ್ದದ್ದು ಇಪ್ಪತ್ತು ಪಟ್ಟು ಜಾಸ್ತಿ ಆದ್ರೂ ಅದು ಸ್ವಲ್ಪವೇ. ಇನ್ನೊಂದು, ಅದೇ ತೂತಿನಿಂದ ಹೊರಗೆ ಹೋಗಬೇಕಾದ ಬೇರೆ ವಸ್ತುಗಳೂ ಒಳಗೇ ಉಳೀತವೆ, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಬಿಪಿಗೆ ಕೊಡೋ ಪ್ರೊಪ್ರನೊಲಾಲ್ ಥರದ ಔಷಧಿಗಳ ಮಟ್ಟ ಪೈಪರಿನ್‌ನಿಂದ ರಕ್ತದಲ್ಲಿ ಏರೋದನ್ನ ಕಂಡಿದ್ದಾರೆ. ಅಡುಗೆಗೆ ಹಾಕೋ ಕಾಳುಮೆಣಸಿನ ಪುಡಿಗೆ ಹೆದರಬೇಕಿಲ್ಲ, ಗುಳಿಗೆ ರೂಪದಲ್ಲಿ ದಿನಾ ತಗೊಳ್ಳೋ ಪೈಪರಿನ್ ಬಗ್ಗೆ ಯೋಚನೆ ಮಾಡಬೇಕು.

ಎಣ್ಣೆ ಅಥವಾ ಕೊಬ್ಬಿನ ಜೊತೆ ಸೇರಿದ್ರೆ ಕರ್ಕ್ಯುಮಿನ್ ಕರಗುತ್ತೆ, ಹಾಗಾಗಿ ಊಟದ ಜೊತೆ ತಿನ್ನೋದು ಬರೀ ನೀರಲ್ಲಿ ಕಲಸಿ ಕುಡಿಯೋದಕ್ಕಿಂತ ಮೇಲು. ಬೇಯಿಸಿದ್ರೆ ಸ್ವಲ್ಪ ನಷ್ಟ ಇದ್ದೇ ಇದೆ, ಮೈಸೂರಿನ ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆಯವರು ಅಳತೆ ಮಾಡಿದಾಗ ಬಿಸಿಯಲ್ಲಿ 27 ರಿಂದ 53% ಕರ್ಕ್ಯುಮಿನ್ ಕಳೆದುಹೋಗಿತ್ತು, ಎಲ್ಲಕ್ಕಿಂತ ಜಾಸ್ತಿ ಹೋಗಿದ್ದು ಹತ್ತು ನಿಮಿಷ ಪ್ರೆಷರ್ ಕುಕ್ಕರ್‌ನಲ್ಲಿ ಬೇಯಿಸಿದಾಗ.

ಮನುಷ್ಯರ ಮೇಲೆ ಪರೀಕ್ಷೆ ಮಾಡಿದಾಗ ಏನು ಕಂಡಿತು

ಮೊದಲು ಉರಿಯೂತ ಅಂದ್ರೇನು ಅಂತ ನೋಡೋಣ. ಗಾಯ ಅಥವಾ ಸೋಂಕು ಆದ ಜಾಗ ಕೆಂಪಾಗಿ ಊದಿ ನೋಯುತ್ತಲ್ಲ, ಅದು ದೇಹ ತನ್ನನ್ನ ಕಾಪಾಡ್ಕೊಳ್ಳೋ ರೀತಿ. ಅದು ಮುಗೀಬೇಕಾದಾಗ ಮುಗೀದೆ ವರ್ಷಗಟ್ಟಲೆ ನಡೀತಾ ಇದ್ರೆ ಅದೇ ಕಾಯಿಲೆಯಾಗುತ್ತೆ. ಲ್ಯಾಬ್‌ನಲ್ಲಿ ಕರ್ಕ್ಯುಮಿನ್ ಈ ಉರಿಯೂತದ ಹಲವು ಹಂತಗಳನ್ನ ತಗ್ಗಿಸೋದು ಕಂಡಿದೆ, ಅದಕ್ಕೇ ಉರಿಯೂತ ಇರೋ ಕಾಯಿಲೆಗಳ ಮೇಲೆ ಹೆಚ್ಚು ಪ್ರಯೋಗ ನಡೆದಿರೋದು.

ಸ್ವಲ್ಪ ಭರವಸೆ ಇರೋದು ಮಂಡಿ ಸವೆತದ ನೋವಿನಲ್ಲಿ. 2014ರಲ್ಲಿ ಪ್ರಕಟವಾದ ಥಾಯ್ಲೆಂಡ್‌ನ ಪ್ರಯೋಗದಲ್ಲಿ 367 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೇನ್ ಅನ್ನೋ ನೋವಿನ ಮಾತ್ರೆ, ಇನ್ನೊಂದಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ ನಾಲ್ಕು ವಾರ ಕೊಟ್ರು. ನೋವು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಇಳೀತು, ಹೊಟ್ಟೆನೋವಿನ ತೊಂದರೆ ಅರಿಶಿನದ ಗುಂಪಲ್ಲಿ ಕಮ್ಮಿ ಇತ್ತು. ಒಂದು ಕೊರತೆ, ಔಷಧಿ ಇಲ್ಲದ ಡಮ್ಮಿ ಗುಳಿಗೆ ತಗೊಂಡ ಗುಂಪು ಇರಲಿಲ್ಲ. ಡಮ್ಮಿ ಗುಂಪು ಯಾಕೆ ಬೇಕು ಅಂದ್ರೆ, ಔಷಧಿ ತಗೊಂಡೆ ಅನ್ನೋ ನಂಬಿಕೆಯಿಂದಲೇ ಎಷ್ಟೋ ಜನರಿಗೆ ನೋವು ಕಮ್ಮಿ ಅನ್ಸುತ್ತೆ, ಆ ಪಾಲನ್ನ ಕಳೆದು ಉಳಿದದ್ದಷ್ಟೇ ಔಷಧಿಯ ನಿಜವಾದ ಕೆಲಸ. ಆ ಥರ ಡಮ್ಮಿ ಇಟ್ಟು 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 70 ಜನರ ಮೇಲೆ ಹನ್ನೆರಡು ವಾರ ನೋಡಿದ್ರು, ನೂರರ ಅಳತೆಯಲ್ಲಿ ನೋವು ಡಮ್ಮಿಗಿಂತ ಸುಮಾರು 9 ಅಂಕ ಜಾಸ್ತಿ ಇಳೀತು. ಆದ್ರೆ ಮಂಡಿಯ ಎಂಆರ್‌ಐ ಸ್ಕ್ಯಾನ್‌ನಲ್ಲಿ ಊತ ಕಮ್ಮಿ ಆಗಿರೋದು ಕಾಣಲಿಲ್ಲ. ಅಂದ್ರೆ ನೋವಿಗೆ ಒಂದು ಮಟ್ಟದ ಆರಾಮ ಸಿಗಬಹುದು, ಸವೆದ ಮಂಡಿ ಸರಿಯಾಗುತ್ತೆ ಅನ್ನೋ ಮಾತಿಗೆ ಪುರಾವೆ ಇಲ್ಲ.

ಅಜೀರ್ಣದ ವಿಷಯದಲ್ಲಿ 2023ರ ಥಾಯ್ಲೆಂಡ್ ಪ್ರಯೋಗ ದೊಡ್ಡ ಸುದ್ದಿಯಾಯ್ತು. ಯಾವ ಹುಣ್ಣೂ ಇಲ್ಲದೆ ಹೊಟ್ಟೆ ಉಬ್ಬರ, ಮೇಲ್ಹೊಟ್ಟೆ ನೋವು ಇದ್ದ 206 ಜನರಲ್ಲಿ ಕೆಲವರಿಗೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್, ಕೆಲವರಿಗೆ ಹೊಟ್ಟೆಯ ಆಮ್ಲ ತಗ್ಗಿಸೋ ಒಮೆಪ್ರಜೋಲ್ ಮಾತ್ರೆ 20 ಮಿಲಿಗ್ರಾಂ, ಇನ್ನು ಕೆಲವರಿಗೆ ಎರಡೂ 28 ದಿನ ಕೊಟ್ರು, ಮೂರೂ ಗುಂಪಲ್ಲಿ ಒಂದೇ ಮಟ್ಟದ ಸುಧಾರಣೆ ಕಂಡಿತು. ಇಲ್ಲೂ ಡಮ್ಮಿ ಗುಂಪು ಇರಲಿಲ್ಲ, ಈ ಥರದ ಅಜೀರ್ಣ ಡಮ್ಮಿ ಗುಳಿಗೆಗೂ ಚೆನ್ನಾಗೇ ಸ್ಪಂದಿಸೋ ತೊಂದರೆ, ಹಾಗಾಗಿ ನಾನಂತೂ ಇದನ್ನ ಒಳ್ಳೇ ಸುಳಿವು ಅಂತಷ್ಟೇ ಓದ್ತೀನಿ.

ನನಗೆ ಎಲ್ಲಕ್ಕಿಂತ ಅರ್ಥಪೂರ್ಣ ಅನ್ಸೋದು ಅಲ್ಸರೇಟಿವ್ ಕೊಲೈಟಿಸ್ ಮೇಲಿನ ಕೆಲಸ. ಇದು ದೊಡ್ಡ ಕರುಳಿನ ಒಳಪದರದಲ್ಲಿ ಮತ್ತೆ ಮತ್ತೆ ಹುಣ್ಣಾಗೋ ಕಾಯಿಲೆ. 2006ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ಕಾಯಿಲೆ ಹಿಡಿತದಲ್ಲಿದ್ದ 89 ಜನರಿಗೆ ಮಾಮೂಲಿ ಔಷಧಿ ನಿಲ್ಲಿಸದೆ ಅದರ ಜೊತೆಗೇ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಅಥವಾ ಡಮ್ಮಿ ಕೊಟ್ರು. ಆರು ತಿಂಗಳಲ್ಲಿ ಲೆಕ್ಕಕ್ಕೆ ಸಿಕ್ಕವರ ಪೈಕಿ ಕರ್ಕ್ಯುಮಿನ್ ಗುಂಪಿನ 43 ಜನರಲ್ಲಿ ಇಬ್ಬರಿಗೆ, ಡಮ್ಮಿ ಗುಂಪಿನ 39 ಜನರಲ್ಲಿ ಎಂಟು ಜನರಿಗೆ ಕಾಯಿಲೆ ಮರುಕಳಿಸಿತು. ಇದು ನಂಬೋ ಹಾಗಿದೆ ಅನ್ನೋಕೆ ಕಾರಣ ಇದೆ, ರಕ್ತಕ್ಕೆ ಸೇರದ ಕರ್ಕ್ಯುಮಿನ್ ಕರುಳಲ್ಲೇ ಉಳಿಯುತ್ತೆ, ಕಾಯಿಲೆ ಇರೋದೂ ಕರುಳಲ್ಲೇ, ಹೀರಿಕೆ ಆಗದೇ ಇರೋದು ಇಲ್ಲಿ ಅಡ್ಡಿ ಆಗಲ್ಲ. ಆದ್ರೂ 89 ಅನ್ನೋದು ಸಣ್ಣ ಸಂಖ್ಯೆ, ಔಷಧಿ ಬಿಟ್ಟು ಇದನ್ನೇ ತಗೊಳ್ಳಿ ಅಂತ ಯಾರೂ ಹೇಳಿಲ್ಲ.

ಕ್ಯಾನ್ಸರ್, ಮರೆವು: ಲ್ಯಾಬ್‌ನಲ್ಲಿ ಆಗಿದ್ದು ದೇಹದಲ್ಲಿ ಯಾಕೆ ಆಗಲ್ಲ

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಕರ್ಕ್ಯುಮಿನ್ ಸುರಿದ್ರೆ ಕೋಶಗಳು ಸಾಯ್ತವೆ, ಇದು ನಿಜ. ಆದ್ರೆ ಅಲ್ಲಿ ಹಾಕೋ ಪ್ರಮಾಣ ರಕ್ತದಲ್ಲಿ ಯಾವತ್ತೂ ಸಿಗೋ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದವರಿಗೆ ದಿನಕ್ಕೆ 8 ಗ್ರಾಂ ಕೊಟ್ಟು ನೋಡಿದ 2008ರ ಪ್ರಯೋಗದಲ್ಲಿ ಲೆಕ್ಕಕ್ಕೆ ಸಿಕ್ಕ 21 ಜನರಲ್ಲಿ ಇಬ್ಬರಲ್ಲಿ ಮಾತ್ರ ಏನೋ ಒಂದು ಪರಿಣಾಮ ಕಂಡಿತು. ಕ್ಯಾನ್ಸರ್ ಚಿಕಿತ್ಸೆ ಮುಂದೂಡಿ ಅರಿಶಿನದ ಮೇಲೆ ಭಾರ ಹಾಕೋದು ಜೀವಕ್ಕೇ ಅಪಾಯ, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ.

ಇನ್ನೊಂದು ತೊಡಕು ಪರೀಕ್ಷೆಗಳೊಳಗೇ ಇದೆ. ಲ್ಯಾಬ್‌ನ ಎಷ್ಟೋ ಪರೀಕ್ಷೆಗಳಲ್ಲಿ ಔಷಧಿ ಕೆಲಸ ಮಾಡಿತಾ ಅನ್ನೋದನ್ನ ಬೆಳಕಿನ ಹೊಳಪು ಅಳೆದು ತಿಳ್ಕೊಳ್ತಾರೆ, ಕರ್ಕ್ಯುಮಿನ್ ತಾನೇ ಹೊಳೆಯೋ ವಸ್ತು, ಜೊತೆಗೆ ಸಿಕ್ಕ ಸಿಕ್ಕ ಪ್ರೋಟೀನ್‌ಗೆಲ್ಲಾ ಅಂಟ್ಕೊಳ್ಳುತ್ತೆ, ಹಾಗಾಗಿ ಕೆಲಸ ಮಾಡದೇ ಇದ್ರೂ ಮಾಡಿದ ಹಾಗೆ ತೋರುತ್ತೆ. ಅದು ಸಾಲದು ಅಂತ, ದೇಹದ ಬಿಸಿಗೆ, ಸ್ವಲ್ಪವೇ ಕ್ಷಾರ ಇರೋ ದ್ರಾವಣದಲ್ಲಿ ಇಟ್ರೆ ಅರ್ಧ ಗಂಟೆಯಲ್ಲಿ ಸುಮಾರು 90% ಒಡೆದುಹೋಗುತ್ತೆ ಅಂತ 1997ರಲ್ಲೇ ತೋರಿಸಿದ್ರು. ಇದನ್ನೆಲ್ಲಾ ಸೇರಿಸಿ 2017ರಲ್ಲಿ ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಒಂದು ವಿಮರ್ಶೆ ಬಂತು, ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗ ಆದ್ಮೇಲೂ ಡಮ್ಮಿ ಗುಂಪು ಇಟ್ಟು ಕಟ್ಟುನಿಟ್ಟಾಗಿ ಮಾಡಿದ ಒಂದೂ ಗೆದ್ದಿಲ್ಲ ಅಂತ ಅದರ ಲೇಖಕರು ಬರೆದ್ರು. ಆ ತೀರ್ಪು ಅತಿ ಕಟು ಅಂತ ಬೇರೆ ವಿಜ್ಞಾನಿಗಳು ಉತ್ತರ ಕೊಟ್ಟಿದ್ದೂ ಇದೆ, ಮೇಲೆ ಹೇಳಿದ ಕೊಲೈಟಿಸ್ ಪ್ರಯೋಗ ನೋಡಿದ್ರೆ ನನಗೂ ಹಾಗೇ ಅನ್ಸುತ್ತೆ, ಆದ್ರೆ ರಸಾಯನಶಾಸ್ತ್ರದ ಬಗ್ಗೆ ಅವರು ಎತ್ತಿದ ತಕರಾರು ಗಟ್ಟಿ ಇದೆ. ಈ ಕ್ಷೇತ್ರದಲ್ಲಿ ತುಂಬಾ ಹೆಸರು ಮಾಡಿದ್ದ ಅಮೆರಿಕದ ಒಬ್ಬ ಸಂಶೋಧಕರ ಹಲವಾರು ಪೇಪರ್‌ಗಳನ್ನ ಚಿತ್ರಗಳಲ್ಲಿ ದೋಷ ಇದೆ ಅಂತ ಜರ್ನಲ್‌ಗಳು ವಾಪಸ್ ತಗೊಂಡಿವೆ ಅನ್ನೋದನ್ನೂ ಸೇರಿಸಿ ಓದಬೇಕು.

ಮರೆವಿನ ವಿಷಯ ಇನ್ನೂ ಅರ್ಧಂಬರ್ಧ. ಅಲ್ಜೈಮರ್ಸ್ ಅನ್ನೋ ಮರೆವಿನ ಕಾಯಿಲೆ ಇದ್ದವರಿಗೆ ದಿನಕ್ಕೆ 2 ಅಥವಾ 4 ಗ್ರಾಂ ಕೊಟ್ಟು 24 ವಾರ ನೋಡಿದ 2012ರ ಪ್ರಯೋಗದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆ ಕಾಯಿಲೆ ಇಲ್ಲದ 40 ಜನರಲ್ಲಿ ಕೆಲವರಿಗೆ ಚೆನ್ನಾಗಿ ಹೀರಿಕೆಯಾಗೋ ರೂಪದ ಕರ್ಕ್ಯುಮಿನ್, ಉಳಿದವರಿಗೆ ಡಮ್ಮಿ 18 ತಿಂಗಳು ಕೊಟ್ಟಾಗ ಕರ್ಕ್ಯುಮಿನ್ ಗುಂಪಲ್ಲಿ ನೆನಪಿನ ಪರೀಕ್ಷೆಯಲ್ಲಿ ಸ್ವಲ್ಪ ಸುಧಾರಣೆ ಕಂಡಿತು. 40 ಜನರಿಂದ ದೊಡ್ಡ ತೀರ್ಮಾನಕ್ಕೆ ಬರೋಕಾಗಲ್ಲ.

ಲಿವರ್ ಸುದ್ದಿಯಲ್ಲಿ ಎಷ್ಟು ನಿಜ

ನಿಜ ಇದೆ. ಅಮೆರಿಕದಲ್ಲಿ ಔಷಧಿ, ಸಪ್ಲಿಮೆಂಟ್‌ಗಳಿಂದ ಆಗೋ ಲಿವರ್ ಹಾನಿನ ದಾಖಲಿಸೋ ವೈದ್ಯರ ಜಾಲ 2022ರಲ್ಲಿ ಅರಿಶಿನಕ್ಕೆ ಸಂಬಂಧಪಟ್ಟ ಹತ್ತು ಕೇಸ್‌ಗಳನ್ನ ವಿವರವಾಗಿ ಪ್ರಕಟಿಸಿತು. ಹತ್ತರಲ್ಲಿ ಐದು ಜನ ಆಸ್ಪತ್ರೆಗೆ ಸೇರಿದ್ರು, ಒಬ್ಬರು ಲಿವರ್ ಫೇಲ್ ಆಗಿ ತೀರಿಕೊಂಡ್ರು. ಕೆಲವು ಉತ್ಪನ್ನಗಳಲ್ಲಿ ಪೈಪರಿನ್ ಕೂಡ ಇತ್ತು. ಹತ್ತರಲ್ಲಿ ಏಳು ಜನರಲ್ಲಿ ಒಂದು ನಿರ್ದಿಷ್ಟ ಜೀನ್ ರೂಪ ಇದ್ದದ್ದು ಗೊತ್ತಾಯ್ತು, ಅಂದ್ರೆ ಹುಟ್ಟಿನಿಂದಲೇ ಕೆಲವರ ದೇಹ ಇದಕ್ಕೆ ಜಾಸ್ತಿ ಪ್ರತಿಕ್ರಿಯಿಸೋ ಸಾಧ್ಯತೆ ಇದೆ, ಆದ್ರೆ ಯಾರು ಅಂಥವರು ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ. ಆಸ್ಟ್ರೇಲಿಯಾದ ಔಷಧಿ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆ ಕೊಟ್ಟಿತು, ಇಟಲಿಯಲ್ಲೂ ಇಂಥ ಕೇಸ್‌ಗಳು ಬಂದ್ಮೇಲೆ ಬಾಟಲಿ ಮೇಲೆ ಎಚ್ಚರಿಕೆ ಹಾಕಬೇಕು ಅಂತ ಮಾಡಿದ್ರು. ಎಷ್ಟೋ ಜನ ಈ ಕ್ಯಾಪ್ಸೂಲ್ ತಗೊಳ್ತಾರೆ, ತೊಂದರೆ ಆಗೋದು ಅಪರೂಪಕ್ಕೆ, ಆದ್ರೆ ಆದಾಗ ಸಣ್ಣದಾಗಿರಲ್ಲ. ಕ್ಯಾಪ್ಸೂಲ್ ತಗೊಳ್ತಿರೋವಾಗ ಕಣ್ಣು ಹಳದಿಯಾದ್ರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದ್ರೆ, ವಾಕರಿಕೆ, ಸುಸ್ತು, ಮೈ ತುರಿಕೆ ಬಂದ್ರೆ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಲಿವರ್ ಫಂಕ್ಷನ್ ಟೆಸ್ಟ್ ಅನ್ನೋ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ.

ಬಾಟಲಿ ಹಿಂದೆ ತಿರುಗಿಸಿ ಲೇಬಲ್ ಓದೋ ಅಭ್ಯಾಸ ಇದ್ದವರಿಗೆ ಒಂದು ಲೆಕ್ಕ ಹೇಳ್ತೀನಿ. "500 ಮಿಲಿಗ್ರಾಂ ಸಾರ, 95% ಕರ್ಕ್ಯುಮಿನಾಯ್ಡ್" ಅಂತ ಇರುತ್ತೆ, ಅಂದ್ರೆ ಒಂದು ಕ್ಯಾಪ್ಸೂಲ್‌ನಲ್ಲಿ 475 ಮಿಲಿಗ್ರಾಂ. ಆಹಾರಕ್ಕೆ ಸೇರಿಸೋ ಬಣ್ಣವಾಗಿ ಕರ್ಕ್ಯುಮಿನ್‌ನ ಜೀವನಪೂರ್ತಿ ದಿನಾ ಎಷ್ಟು ತಿನ್ನಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಇಟ್ಟಿರೋ ಮಿತಿ ದೇಹದ ಪ್ರತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ, 60 ಕಿಲೋ ಇರೋರಿಗೆ 180 ಮಿಲಿಗ್ರಾಂ. ಒಂದೇ ಕ್ಯಾಪ್ಸೂಲ್ ಅದನ್ನ ಎರಡೂವರೆ ಪಟ್ಟು ದಾಟುತ್ತೆ. ದಾಟಿದ ಕೂಡಲೇ ವಿಷ ಅಂತ ಅರ್ಥ ಅಲ್ಲ, ಅದು ಜೀವನಪೂರ್ತಿ ತಿನ್ನೋರಿಗೆ ಹಾಕಿದ ಎಚ್ಚರಿಕೆಯ ಗೆರೆ, ಆದ್ರೆ ಯಾರೂ ಹೇಳದೆ ವರ್ಷಗಟ್ಟಲೆ ನುಂಗೋ ವಸ್ತುವೂ ಅಲ್ಲ. ಅಡುಗೆಯಲ್ಲಿ ಹಾಕೋ ಪ್ರಮಾಣ ಆ ಗೆರೆಗಿಂತ ತುಂಬಾ ಕೆಳಗಿದೆ.

ಕ್ಯಾಪ್ಸೂಲ್ ಮುಟ್ಟೋ ಮುಂಚೆ ಯಾರು ಕೇಳಬೇಕು

ರಕ್ತ ತೆಳು ಮಾಡೋ ವಾರ್ಫರಿನ್ ಥರದ ಔಷಧಿ ತಗೊಳ್ಳೋರು ಮೊದಲು. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಅಳತೆ ಐಎನ್ಆರ್, ವಾರ್ಫರಿನ್ ತಗೊಳ್ಳೋರಲ್ಲಿ ಅದನ್ನ ಸಾಮಾನ್ಯವಾಗಿ 2 ರಿಂದ 3ರ ಒಳಗೆ ಇಟ್ಕೊಳ್ತಾರೆ, ನ್ಯೂಜಿಲೆಂಡ್‌ನಲ್ಲಿ ಅರಿಶಿನದ ಉತ್ಪನ್ನ ಶುರು ಮಾಡಿದ ಒಬ್ಬ ರೋಗಿಯಲ್ಲಿ ಅದು 10 ದಾಟಿತ್ತು ಅಂತ ಅಲ್ಲಿನ ಔಷಧಿ ಸಂಸ್ಥೆ 2018ರಲ್ಲಿ ತಿಳಿಸಿತು. ಆ ಮಟ್ಟದಲ್ಲಿ ಒಳಗೇ ರಕ್ತಸ್ರಾವ ಆಗೋ ಅಪಾಯ ಇರುತ್ತೆ. ಪಿತ್ತಕೋಶದಲ್ಲಿ ಕಲ್ಲಿದ್ದವರೂ ಕೇಳಬೇಕು, ಕರ್ಕ್ಯುಮಿನ್ ಪಿತ್ತಕೋಶನ ಹಿಂಡುತ್ತೆ, ಆಗ ಕಲ್ಲು ಜಾರಿ ನಾಳಕ್ಕೆ ಸಿಕ್ಕಿಹಾಕ್ಕೊಳ್ಳಬಹುದು. ಕಿಡ್ನಿ ಕಲ್ಲು ಆಗೋ ಸ್ವಭಾವ ಇದ್ದವರು ಪುಡಿನ ಚಮಚಗಟ್ಟಲೆ ತಿನ್ನಬಾರದು, ಅಂಥ ಕಲ್ಲು ಕಟ್ಟೋಕೆ ಕಾರಣವಾಗೋ ಆಕ್ಸಲೇಟ್ ಅನ್ನೋ ವಸ್ತು ಅರಿಶಿನದಲ್ಲಿ ಜಾಸ್ತಿ ಇದೆ. ಆಪರೇಷನ್‌ಗೆ ದಿನ ಗೊತ್ತಾಗಿರೋರು, ಗರ್ಭಿಣಿಯರು, ಮೊದಲೇ ಲಿವರ್ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಕ್ಯಾಪ್ಸೂಲ್ ಶುರು ಮಾಡಬಾರದು. ಡಾಕ್ಟರ್ "ಏನೇನು ಮಾತ್ರೆ ತಗೊಳ್ತೀರಾ" ಅಂತ ಕೇಳಿದಾಗ ಇದು ಬರೀ ಅರಿಶಿನ ತಾನೇ ಅಂತ ಬಿಟ್ಟುಬಿಡೋರೇ ಜಾಸ್ತಿ, ದಯವಿಟ್ಟು ಹೇಳಿ.

ಪುಡಿಯಲ್ಲಿ ನಿಜವಾಗಿ ಹೆದರಬೇಕಾದದ್ದು

ಅಡುಗೆಯ ಅರಿಶಿನದಲ್ಲಿ ಭಯ ಪಡಬೇಕಾದ ಒಂದು ವಿಷಯ ಇದೆ, ಅದು ಅರಿಶಿನ ಅಲ್ಲ, ಅದಕ್ಕೆ ಬೆರೆಸೋ ಲೆಡ್ ಕ್ರೋಮೇಟ್. ಪೇಂಟ್‌ಗೆ ಬಳಸೋ ಗಾಢ ಹಳದಿ ಬಣ್ಣ ಇದು, ಸೀಸ ಇರುತ್ತೆ. ಮಂಕಾದ ಕೊಂಬಿಗೆ ಇದನ್ನ ಸವರಿದ್ರೆ ಫಳಫಳ ಹೊಳೆಯುತ್ತೆ. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲಿ ಪ್ರವಾಹಕ್ಕೆ ಸಿಕ್ಕಿ ಬಣ್ಣ ಕೆಟ್ಟ ಕೊಂಬುಗಳನ್ನ ಮಾರೋಕೆ ಈ ಅಭ್ಯಾಸ ಶುರುವಾಯ್ತು ಅಂತ ಅಲ್ಲಿನ ವ್ಯಾಪಾರಿಗಳೇ ಸಂಶೋಧಕರಿಗೆ ಹೇಳಿದ್ದಾರೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಹೊಡೆತ ಕೊಡುತ್ತೆ, ಇಷ್ಟು ಇದ್ರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟ ಅಂತ ಅದಕ್ಕೆ ಇಲ್ಲ, ಕುದಿಸಿದ್ರೂ ಹುರಿದ್ರೂ ಹೋಗಲ್ಲ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾದ 23 ಊರುಗಳಿಂದ ತಂದ ಅರಿಶಿನದ ಮಾದರಿಗಳಲ್ಲಿ 14% ಮಾದರಿಗಳಲ್ಲಿ ಸೀಸ ಗ್ರಾಂಗೆ 2 ಮೈಕ್ರೊಗ್ರಾಂ ದಾಟಿತ್ತು.

ಆದ್ರೆ ಇದನ್ನ ನಿಲ್ಲಿಸೋಕೆ ಆಗುತ್ತೆ ಅನ್ನೋದನ್ನೂ ಬಾಂಗ್ಲಾದೇಶವೇ ತೋರಿಸಿತು. 2019ರಲ್ಲಿ ಸಂಶೋಧಕರು ವಿಷಯ ಹೊರಗೆಡವಿದ್ಮೇಲೆ ಸರ್ಕಾರ ಮಾರ್ಕೆಟ್‌ಗಳಲ್ಲಿ ಸ್ಥಳದಲ್ಲೇ ಎಕ್ಸ್‌ರೇ ಯಂತ್ರ ಹಿಡಿದು ಪರೀಕ್ಷೆ ಮಾಡಿತು, ದಂಡ ಹಾಕಿತು, ಪತ್ರಿಕೆ, ಟಿವಿಯಲ್ಲಿ ಸುದ್ದಿ ಹಬ್ಬಿತು, 47% ಮಾದರಿಗಳಲ್ಲಿ ಕಾಣ್ತಿದ್ದ ಸೀಸ 2021ರ ಹೊತ್ತಿಗೆ ಒಂದರಲ್ಲೂ ಸಿಗಲಿಲ್ಲ. ಇಡೀ ಕೊಂಬು ತಂದು ಮನೇಲೇ ಪುಡಿ ಮಾಡಿದ್ರೆ ಪೂರ್ತಿ ಸೇಫ್ ಅಂತ ಅಂದ್ಕೋಬೇಡಿ, ಬಣ್ಣ ಸವರೋದು ಕೊಂಬಿಗೇ. ಕೈಗೆ ಹಳದಿ ಧೂಳು ಹತ್ತುವಷ್ಟು ಹೊಳೆಯೋ ಕೊಂಬು, ಅಸಹಜ ಅನ್ನಿಸುವಷ್ಟು ಗಾಢ ಪುಡಿ ಕಂಡ್ರೆ ಬಿಟ್ಟುಬಿಡಿ, ಸ್ವಲ್ಪ ಮಂಕಾದ ಬಣ್ಣವೇ ಒಣಗಿದ ಅರಿಶಿನದ ನಿಜವಾದ ಬಣ್ಣ. ಸೀಸ ಇದೆಯೋ ಇಲ್ಲವೋ ಅನ್ನೋದು ಮಾತ್ರ ಲ್ಯಾಬ್ ಪರೀಕ್ಷೆಯಿಂದಷ್ಟೇ ಖಚಿತ ಆಗೋದು, ನೀರಿಗೆ ಹಾಕಿ ನೋಡೋ ಮನೆ ಪರೀಕ್ಷೆಗಳನ್ನ ನಂಬ್ಕೊಂಡು ಕೂರೋ ಹಾಗಿಲ್ಲ.